ಮಿಸ್ ಒಡೀಲಿಯಾರ ಮೂರು ಕಟ್ಟು

ಅಕ್ಟೋಬರ್ 3, ಬೆಳಿಗ್ಗೆ 6.20
ಇಗರ್ಜಿಯ ಮುಂದೆ ಮಡಿಸುವ ಮೇಜು ಹಾಕಿ ಜಾಗ ಹಿಡಿದಾಯಿತು. ನನ್ನದೊಂದು, ಪಕ್ಕದಲ್ಲಿ ಮಿಸ್ ಒಡೀಲಿಯಾರದೊಂದು. ನ್ಯೂ ಆರ್ಲಿಯನ್ಸ್‌ನಲ್ಲಿ ಟ್ಯಾರೋ ಎಲೆ ಹಾಕಿ ಭವಿಷ್ಯ ಓದುವವರಿಗೇನು ಬರ... ತಡವಾದರೆ ಟ್ರಂಪೆಟ್ ಊದುವವನ ಪಕ್ಕ ಕೂರಬೇಕು. ಗಿರಾಕಿ ಅತ್ತರೂ ಕೇಳಿಸುವುದಿಲ್ಲ.

ಮಿಸ್ ಒಡೀಲಿಯಾ ನನಗೆ ಎಲೆ ಓದಲು ಕಲಿಸಿದವರು. ವಯಸ್ಸು ಎಪ್ಪತ್ತಾರು, ಈ ಚೌಕದಲ್ಲಿ ಕೂತು ನಲವತ್ತು ವರ್ಷ. ನನ್ನ ಬಳಿ ಒಂಬತ್ತು ಕಟ್ಟು ಎಲೆ ಇವೆ, ಚಿನ್ನದ ಅಂಚಿನವೂ ಇವೆ. ಅವರ ಬಳಿ ಮೂರೇ ಮೂರು.

ಅಕ್ಟೋಬರ್ 9
ಮೂರೂ ಹೇಗೆ ಬೇರೆ ಎಂದು ಇವತ್ತು ಪೂರ್ತಿ ಗಮನಿಸಿದೆ. ಪ್ರೀತಿ, ಮದುವೆ, ಮುನಿಸು — ಇದಕ್ಕೆಲ್ಲ ಮನುಷ್ಯರ ಚಿತ್ರವಿರುವ ಕಟ್ಟು. ಬಂದವರು ಎಲೆಯಲ್ಲಿ ತಮ್ಮ ಮುಖ ತಾವೇ ಹುಡುಕಿಕೊಳ್ಳುತ್ತಾರೆ. ಯಾರನ್ನಾದರೂ ಕಳೆದುಕೊಂಡು ಬಂದವರಿಗೆ ನೀರುಬಣ್ಣದ ಹಕ್ಕಿಗಳ ಕಟ್ಟು. ಅದರಲ್ಲಿ ಓದುವಾಗ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು. ಮಾಡಲೋ ಬಿಡಲೋ ಎನ್ನುವವರಿಗೆ ಹಳೆಯ ಫ್ರೆಂಚ್ ಮಾದರಿಯ ಮಾರ್ಸೆ ಕಟ್ಟು, ಕಡ್ಡಿ ಮುರಿದಂತೆ ಉತ್ತರ.

ಕೆಲಸ ಬಿಡಬೇಕೆಂದಿದ್ದ ನರ್ಸ್ ಒಬ್ಬಳಿಗೆ ನಾನಾಗಿದ್ದರೆ ಮಾರ್ಸೆ ತೆಗೆಯುತ್ತಿದ್ದೆ. ಅವರು ಹಕ್ಕಿಗಳನ್ನು ತೆಗೆದರು. ಮೂರನೇ ಎಲೆಗೆ ಅವಳು ಸತ್ತ ಅಮ್ಮನ ಮಾತೆತ್ತಿದಳು. ಹೇಗೆ ಗೊತ್ತಾಯಿತು?

"ಅವ್ಳು ಕೇಳಿದ್ದು ಕೆಲಸ. ಗಂಟಲು ಕೇಳಿದ್ದು ಬೇರೆ ಕಣೇ ಲೂಸೆಟ್" ಅಂದರು. ಇಂಥವರ ಪಕ್ಕ ಕೂರುವುದೇ ನನ್ನ ಪುಣ್ಯ.

ಅಕ್ಟೋಬರ್ 17
ಮಿಸ್ ಒಡೀಲಿಯಾರ ತಂಗಿ ತೀರಿಕೊಂಡರಂತೆ. ಬ್ಯಾಟನ್ ರೂಜ್‌ಗೆ ಹೊರಟರು. ಒಬ್ಬರ ಎಲೆಯನ್ನು ಇನ್ನೊಬ್ಬರು ಮುಟ್ಟಬಾರದು, ಅದು ಇಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ. ಆದರೂ ಮೂರೂ ಕಟ್ಟನ್ನು ರೇಷ್ಮೆ ಬಟ್ಟೆಯ ಸಮೇತ ನನ್ನ ಮಡಿಲಿಗೆ ಹಾಕಿದರು. "ಸಾವಿನ ಮನೆಗೆ ಬೇಡ. ನಿನ್ನ ಹತ್ರ ಇರ್ಲಿ." ಖುಷಿಗೆ ಕಣ್ಣು ತುಂಬಿತು.

ಅಕ್ಟೋಬರ್ 19
ಬಿಚ್ಚಿ ನೋಡಿದೆ. ಅಯ್ಯೋ, ಏನು ಅವಸ್ಥೆ! ಒಂದೊಂದು ಎಲೆಯ ಅಂಚೂ ಹರಿದು, ಸೀಳಿ, ಮಡಚಿ ಹೋಗಿದೆ. ನನ್ನ ಕಟ್ಟುಗಳ ಮೂಲೆ ದುಂಡು ಮಾಡುವ ಪುಟ್ಟ ಕಟರ್ ಇದೆಯಲ್ಲ. ಕೂತೆ. ಅಂಚನ್ನೂ ಒಂದು ಕೂದಲೆಳೆಯಷ್ಟು ಸವರಿದೆ. ಇನ್ನೂರ ಮೂವತ್ತನಾಲ್ಕು ಎಲೆ, ಸಂಜೆಯಾಯಿತು. ಈಗ ಹೊಸದರಂತೆ ಜಾರುತ್ತವೆ. ಎಷ್ಟು ಸಂತೋಷಪಡುತ್ತಾರೋ!

ಅಕ್ಟೋಬರ್ 22
ಬಂದರು. ಅಣ್ಣ ಕ್ಷಮಿಸುತ್ತಾನಾ ಎಂದು ಕೇಳುತ್ತಾ ಒಬ್ಬಳು ಎದುರು ಕೂತಳು. ಮಿಸ್ ಒಡೀಲಿಯಾ ಒಂದು ಎಲೆ ಮಗುಚಿ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. ಮತ್ತೆ ಓಡಿಸಿದರು. ಇನ್ನೊಂದು ಎಲೆ... ಅಲ್ಲೂ ಹಾಗೇ. ಮುಖ ಬಿಳಿಚಿತು. "ಇವತ್ತು ಆಗಲ್ಲಮ್ಮ, ಬೇರೆಯವರ ಹತ್ರ ಹೋಗು" ಎಂದು ಎಬ್ಬಿಸಿ ಕಳಿಸಿದರು.

ಮೇಜಿನ ಮೇಲೆ ಬಿದ್ದಿದ್ದು ಸೂರ್ಯನ ಎಲೆ. ಇಷ್ಟಗಲ ಹಳದಿ ಮುಖ. ಅವರಿಗೆ ಕಾಣಿಸಲಿಲ್ಲ.

ನವೆಂಬರ್ 4
ಹದಿಮೂರು ದಿನ ಪೆನ್ನು ಮುಟ್ಟಲಿಲ್ಲ. ಅವರ ಜಾಗಕ್ಕೆ ದಿನಾ ಮೇಜು ಹಾಕಿದೆ, ಅವರು ಬರಲಿಲ್ಲ. ಇವತ್ತು ಮನೆಗೇ ಹೋಗಿ ಕಾಲ ಬಳಿ ಕೂತು ಅತ್ತುಬಿಟ್ಟೆ.

"ಎರಡು ವರ್ಷ ಆಯ್ತು. ನೋಡಿದ ಕಡೆ ನಡುವೆ ಬರೀ ಕಪ್ಪು. ಒಂದೊಂದು ಎಲೆಗೂ ಉಗುರಲ್ಲಿ ಒಂದೊಂದು ಗುರುತು ಮಾಡಿದ್ದೆ" ಅಂದರು. ಆಮೇಲೆ ಒಂದು ಎಲೆಯ ಅಂಚಿನ ಮೇಲೆ ಬೆರಳಾಡಿಸುತ್ತಾ, "ಎಷ್ಟು ನೀಟಾಗಿ ಕತ್ತರಿಸಿದ್ದೀಯೇ! ದರ್ಜಿ ಆಗ್ಬೇಕಿತ್ತು ನೀನು."

ಎರಡು ವರ್ಷ ಪಕ್ಕದಲ್ಲೇ ಕೂತಿದ್ದೆ. ನನಗೂ ಗೊತ್ತಾಗದ ಹಾಗೆ, ಬೆರಳಲ್ಲಿ ಓದಿದರಲ್ಲ ಈ ಹೆಂಗಸು! ಅಟ್ಟ ಮೇಲೆ ಒಲೆ ಉರಿಯಿತು ನನಗೆ.

"ನಾನೇ ಮತ್ತೆ ಗುರುತು ಮಾಡ್ಕೊಡ್ತೀನಿ, ಮಿಸ್ ಒಡೀಲಿಯಾ."

"ಅದನ್ನ ಮತ್ತೆ ಬೆರಳಿಗೆ ಕಲಿಸ್ಬೇಕಲ್ಲ? ಈ ವಯಸ್ಸಲ್ಲಿ ಒಂದನೇ ಕ್ಲಾಸಿಗೆ ಸೇರ್ಸ್ತೀಯಾ ನನ್ನ?"

ನವೆಂಬರ್ 8, ಮಧ್ಯಾಹ್ನ
ಬಂದರು. ತಮ್ಮ ಮೇಜಿಗೆ ತಾವೇ ಗಿರಾಕಿಯಾಗಿ ಕೂತರು. ನಮ್ಮಲ್ಲಿ ಯಾರೂ ತಮಗೆ ತಾವು ಓದಿಕೊಳ್ಳುವುದಿಲ್ಲ.

"ಒಂದೇ ಎಲೆ ತೆಗಿ. ನಾನಿನ್ನೂ ಇಲ್ಲಿ ಕೂರ್ಲಾ, ಏಳ್ಲಾ?"

ಹಕ್ಕಿಗಳ ಕಟ್ಟು ತೆಗೆದು ಕಲಸತೊಡಗಿದೆ.

"ಹಕ್ಕಿಗಳ ಆ ನುಣುಪು ಸದ್ದು ಗೊತ್ತಾಗಲ್ವಾ ನಂಗೆ? ಮಾರ್ಸೆ ತೆಗಿಯೇ. ನನಗೂ ಬೆಣ್ಣೆ ಹಚ್ತೀಯಾ?"

ಮಾರ್ಸೆ ಕಲಸಿ ಮುಂದಿಟ್ಟೆ. ಎಡಗೈಯಲ್ಲಿ ಕಟ್ಟನ್ನು ಎರಡು ಮಾಡಿಕೊಟ್ಟರು. ಮಗುಚಿದೆ. ಹುಚ್ಚನ ಎಲೆ — ಗಂಟುಮೂಟೆ ಹೊತ್ತು ಊರು ಬಿಟ್ಟು ಹೊರಟವನು. ‘ಸೂರ್ಯ ಬಂದಿದ್ದಾನೆ, ಕೂತಿರಿ’ ಎಂದು ಸುಳ್ಳು ಹೇಳಬಹುದಿತ್ತು. ಅವರಿಗೆ ಕಾಣುವುದಿಲ್ಲ. ನಾಲಿಗೆ ತುದಿಗೆ ಬಂದಿತ್ತು. ಆದರೆ ನನಗೆ ಓದು ಕಲಿಸಿದವರು ಅವರು. ಇದ್ದದ್ದನ್ನೇ ಹೇಳಿದೆ.

"ನಾಯಿ ಏನ್ ಮಾಡ್ತಿದೆ?"

"ಹಿಂದಿನಿಂದ ಬಟ್ಟೆ ಕಚ್ಚಿ ಎಳೀತಿದೆ."

ನಕ್ಕರು. ಎಂಥ ನಗು! "ಆ ನಾಯಿ ನೀನೇ ಕಣೇ. ಬಿಡು ಇನ್ನು."

ಎದ್ದು ತಮ್ಮ ಮೇಜನ್ನು ತಾವೇ ಮಡಿಸತೊಡಗಿದರು. ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಮೆಲ್ಲಗೆ ಎಳೆದರು. ನಾನು ಕೈ ಬಿಟ್ಟೆ.