ಶ್ವೇತಳ ಆ್ಯಡ್-ಆನ್‌ಗೆ ನನ್ನ ಮಾತು

೩-೧೧-೨೫, ಸೋಮವಾರ
ಕಾರ್ತಿಕ ಸೋಮವಾರ, ಒಪ್ಪತ್ತು. ಎಮ್ಮೆ ಕರೆದು ಡೈರಿಗೆ ಹಾಲು ಹಾಕಿ ಬಂದೆ. ಕೊಟ್ಟಿಗೆ ಗುಡಿಸಿದ್ದಾಯ್ತು.
ಸೊಸೆ ಶ್ವೇತ ತಿಂಡಿಗೂ ಏಳದೆ ಕಂಪ್ಯೂಟರ್ ಮುಂದೆ. ಅವಳ ತಮ್ಮ ಲೋಕೇಶ ನಾಗಮಂಗಲದವನು, ಮೊಬೈಲಿನ ಕ್ರಿಪ್ಟೋ ವಾಲೆಟ್ಟಲ್ಲಿ ದುಡ್ಡಿಟ್ಟಿದ್ದ. ಏನೋ ಇಂಗ್ಲಿಷಲ್ಲಿ ಬಂತು, ಅರ್ಥವಾಗದೆ ಅಪ್ರೂವ್ ಒತ್ತಿದ. ಅಷ್ಟೂ ಹೋಯ್ತು. ಆವತ್ತಿಂದ ಇವಳಿಗೆ ಒಂದೇ ಹಟ. ವಾಲೆಟ್ಟು ಕಂಪನಿಯವರದು, ಅದಕ್ಕೆ ಆ್ಯಡ್-ಆನ್ ಅಂತ ಹೊರಗಿನೋರೂ ಮಾಡಿ ಸೇರಿಸಬಹುದಂತೆ. ಅಪ್ರೂವ್ ಒತ್ತೋಕೆ ಮುಂಚೆ, ಬಂದಿರೋದು ಏನಂತ ಕನ್ನಡದಲ್ಲಿ ಬಿಡಿಸಿ ಹೇಳೋ ಆ್ಯಡ್-ಆನ್ ಇವಳದು.
"ಅತ್ತೆ, ನನ್ನ ಪುಸ್ತಕದ ಮಾತು ಯಾರಿಗೂ ನಾಟಲ್ಲ. ನೀವೇ ಹೇಳಿ."
ಹೇಳಿದೆ — "ಇದಕ್ಕೆ ಒಪ್ಪಿದ್ರೆ ಬೀರು ಬೀಗದಕೈ ಅವರಿಗೆ ಕೊಟ್ಟಂಗೆ. ಯಾವಾಗ ಬೇಕಾದ್ರೂ ಬಾಚ್ಕೊಂಡು ಹೋಗ್ತಾರೆ. ಬ್ಯಾಡ."
ಹಂಗೇ ಬರ್ಕೊಂಡಳು! ನಾನು ಓದಿದ್ದು ಏಳನೇ ಕ್ಲಾಸು...

೭-೧೧, ಶುಕ್ರವಾರ
ಪಕ್ಕದ ಮನೆ ಕುಳ್ಳಮ್ಮ ಪರದೆ ಮೇಲೆ ನನ್ನ ಮಾತು ನೋಡಿ ನಕ್ಕಿದ್ದೇ ನಕ್ಕಿದ್ದು. "ಅಮ್ಮೀ, ಗಂಡಂಗೆ ಗದರ್ದಂಗೇ ಐತಲ್ಲೇ!"
ನಮ್ಮ ಯಜಮಾನರು — "ಮೂವತ್ತು ವರ್ಷ ನಾನೊಬ್ನೇ ಕೇಳಿವ್ನಿ. ಇನ್ನು ಲೋಕವೆಲ್ಲ ಕೇಳ್ಲಿ ಬುಡು."
ಶ್ವೇತ ಅದನ್ನ ವಾಲೆಟ್ಟು ಕಂಪನಿಗೆ ಕಳಿಸಿದಳು. ಈಶ್ವರಂಗೆ ಎರಡು ದೀಪ ಜಾಸ್ತಿ ಹಚ್ಚಿದೆ.

೧೫-೧೧, ಶನಿವಾರ
ಉತ್ತರ ಬಂತು! ಎಲ್ಲ ಚೆನ್ನಾಗೈತಂತೆ. ಆದ್ರೆ "ಬ್ಯಾಡ" ಆಗಲ್ಲ. ವಿಷಯ ತಿಳಿಸಬೇಕು, ಬುದ್ಧಿ ಹೇಳಬಾರದು — ಅವರ ನಿಯಮ. ಸೋಮವಾರ ಹತ್ತಕ್ಕೆ ವಿಡಿಯೋ ಮೀಟಿಂಗು. ತೆಗೀದಿದ್ರೆ ಆ್ಯಡ್-ಆನ್ ಸೇರಿಸಲ್ಲ.
"ತೆಗೆದ್ರೆ ಲೋಕೇಶನಂಥೋರು ಓದ್ತಾ ಓದ್ತಾನೇ ಒತ್ಬುಡ್ತಾರೆ ಅತ್ತೆ."
ನಿಜ. ಒಂದು ಗಳಿಗೆ ಕೈ ತಡೆಯೋ ಮಾತು ಬೇಕೇ ಬೇಕು.

೧೭-೧೧, ಸೋಮವಾರ, ಬೆಳಗ್ಗೆ ೧೦-೨೦
ಶ್ವೇತಳ ಕೆಲಸ ಆಗ್ಲಿ ಅಂತ ಹರಕೆ — ಮಧ್ಯಾಹ್ನದ ತನಕ ಮೌನ, ದೀಪದ ಮುಂದಿಂದ ಏಳಂಗಿಲ್ಲ. ಮೀಟಿಂಗು ಮೇಲಿನ ರೂಮಲ್ಲಿ. ಯಜಮಾನರು ಮೆಟ್ಟಿಲು ಇಳ್ಕೊಂಡು ಓಡಿ ಬಂದ್ರು.
"'ಬ್ಯಾಡ' ಬದಲು ಏನ್ ಹಾಕನಾ ಅಂತ ಕೇಳ್ತಾವ್ಳೆ. ಹತ್ತೇ ನಿಮಿಷ ಕೊಟ್ಟವ್ರೆ. ಬಾಯಿ ಮುಚ್ಕೊಳ್ಳಾಕೆ ಇವತ್ತೇ ಬೇಕಿತ್ತಾ ನಿಂಗೆ!" ಅಂದವರೇ ಮತ್ತೆ ಮೇಲಕ್ಕೆ ಓಡಿದ್ರು.
ಶಿವನೇ... ಹೊಳೀತು! ಬುದ್ಧಿ ತಾನೇ ಹೇಳಬಾರದು? ಪ್ರಶ್ನೆ ಕೇಳಬಾರದು ಅಂದಿಲ್ವಲ್ಲ! ಲೋಕೇಶ ಆವತ್ತು ಯಾರನ್ನೂ ಕೇಳಿರಲಿಲ್ಲ.
"ಮನೇಲಿ ಯಾರಿಗಾದ್ರೂ ತೋರಿಸಿದ್ರಾ?"
"ಬ್ಯಾಡ" ಜಾಗಕ್ಕೆ ಇಷ್ಟೇ ಸಾಕು. ಎಡಗೈಲಿ ಪೂಜೆ ಗಂಟೆ ಬಾರಿಸ್ತಾನೇ ಇವ್ನಿ, ಕೇಳಿಸ್ತಿಲ್ವೇ? ಏನ್ರೀ, ಬೇಗ ಇಳಿದು ಬಂದು ಈ ಹಾಳೆ ಹರ್ಕೊಂಡೋಗಿ ಶ್ವೇತಂಗೆ ಕೊಡಿ, ಇನ್ನು ನಾಕೇ ನಿಮಿಷ —