ನಾನೂರ ಹನ್ನೆರಡು ಮೆಟ್ಟಿಲು

ಅಕ್ಟೋಬರ್ 7, ಸೋಮವಾರ

ಹಾಟ್ ಪ್ಯಾಕ್ ಇಪ್ಪತ್ತೆರಡು. ಮಡಚಿದ ಟವೆಲ್ ಅರವತ್ತು. ಇವತ್ತಿನ ಸಾಧನೆ ಇಷ್ಟೇ. ಹನ್ನೊಂದು ವರ್ಷ ಫಿಸಿಯೋಥೆರಪಿ ಮಾಡಿ, ಮಲಗಿದವರನ್ನು ಎಬ್ಬಿಸಿ ನಡೆಸಿದ ಕೈಗಳಿವು. ಈಗ ಬಿಸಿನೀರಿನ ತೊಟ್ಟಿಯಿಂದ ಶಾಖದ ಪ್ಯಾಕ್ ಎತ್ತಿ ಟವೆಲಿನಲ್ಲಿ ಸುತ್ತಿ ಕೊಡುತ್ತಿವೆ. ರೋಗಿಗಳನ್ನು ಮುಟ್ಟುವ ಹಾಗಿಲ್ಲ. ಡಾಕ್ಟರಮ್ಮನ ಆಜ್ಞೆ. ಕ್ಲಿನಿಕ್ ಅವರದು.

ಇದಕ್ಕೆಲ್ಲ ಕಾರಣ ಪರ್ವತ. ನಮ್ಮ ಸೀನಿಯರ್‌ಗೆ ನಾನಿಟ್ಟ ಹೆಸರು. ಮಾತೆತ್ತಿದರೆ ತಾನು ಹತ್ತಿದ ಬೆಟ್ಟಗಳ ಬಡಾಯಿ.

ಮೂರು ವಾರದ ಹಿಂದೆ ನನ್ನ ರೋಗಿ ಟೇಲರ್ ಅಜ್ಜಿಯನ್ನು ನಡಿಗೆ ಅಭ್ಯಾಸದ ಕಂಬಿಗಳ ನಡುವೆ ನಿಲ್ಲಿಸಿದ್ದೆ. ಜಾರಿದರೆ ಹಿಡಿದುಕೊಳ್ಳಲು ಸೊಂಟಕ್ಕೆ ಬೆಲ್ಟ್ ಕಟ್ಟಿದ್ದೆ. ವಾಕರ್ ತರಲು ಪಕ್ಕದ ರೂಮಿಗೆ ಹೋದೆ. "ನೋಡ್ಕೊಳ್ತಿರಿ ಸರ್" ಎಂದು ಇವನಿಗೆ ಹೇಳಿಯೇ ಹೋದೆ. ಬರುವಷ್ಟರಲ್ಲಿ ಅಜ್ಜಿ ನೆಲದ ಮೇಲೆ. ಮಣಿಕಟ್ಟು ಮುರಿದಿತ್ತು. ಬೆಲ್ಟ್ ಇವನ ಕೈಯಲ್ಲಿತ್ತು — ಕಣ್ಣಾರೆ ಕಂಡೆ. ರಿಜಿಸ್ಟರಿನಲ್ಲಿ ಇವನು ಬರೆದದ್ದು ಮಾತ್ರ "ಬೆಲ್ಟ್ ಕಟ್ಟಿರಲಿಲ್ಲ". ಎದುರಿಗೆ ನನ್ನ ಹೆಸರು. ಬೆನ್ನ ಹಿಂದೆ ಬಿಚ್ಚಿದ್ದು ಯಾರ ಕೈ ಎಂದು ಅಜ್ಜಿಗೆ ಗೊತ್ತಿಲ್ಲ. ಡಾಕ್ಟರಮ್ಮ ಅವನ ಇಪ್ಪತ್ತೆಂಟು ವರ್ಷದ ಸರ್ವೀಸನ್ನು ನಂಬಿದರು.

ಅವನ ಬಾಯಿಂದಲೇ ಹೇಳಿಸಬೇಕು. ಎಲ್ಲರ ಮುಂದೆ. ಅಲ್ಲಿಯವರೆಗೆ ಈ ಹೊಟ್ಟೆಯುರಿ ಆರುವುದಿಲ್ಲ.

ಅಕ್ಟೋಬರ್ 9, ಬುಧವಾರ

ಡಾಕ್ಟರಮ್ಮ ಕರೆದರು. ರೋಗಿಗಳನ್ನು ವಾಪಸ್ ಕೊಡುತ್ತಾರೇನೋ ಎಂದುಕೊಂಡೆ… ಇಲ್ಲ.

"ನಿನಗೆ ಈಗ ಸ್ವಲ್ಪ ಪುರುಸೊತ್ತಿದೆಯಲ್ಲ. ಈ ವರ್ಷದ ಸ್ಟಾಫ್ ಟ್ರಿಪ್ ನೀನೇ ಪ್ಲಾನ್ ಮಾಡು. ಆ ಕಾಡಿನ ಪಾರ್ಕ್ ಇದೆಯಲ್ಲ, ಕಮರಿ, ಜಲಪಾತ ಎಲ್ಲಾ ಇರೋದು. ಅಲ್ಲಿಗೇ ಹೋಗೋಣ."

ಪುರುಸೊತ್ತಂತೆ! ಗಾಯ ಮಾಡಿದ್ದೂ ಅಲ್ಲದೆ ಅದರ ಮೇಲೆ ಉಪ್ಪು. "ಆಯ್ತು ಮೇಡಂ" ಎಂದು ಬಂದೆ. ಪ್ಯಾಕ್ ರೂಮಿನ ಬಾಗಿಲು ಹಾಕಿಕೊಂಡು ಎರಡು ಟವೆಲ್ ಒದ್ದೆ ಮಾಡಿದೆ. ಕಣ್ಣೀರಿನಲ್ಲಿ.

ಅಕ್ಟೋಬರ್ 10, ಗುರುವಾರ. ಸಂಜೆ 6.40

ಒಂದು ವಿಷಯ ಪತ್ತೆಯಾಯಿತು. ದಿನಾ ಊಟದ ಹೊತ್ತಿಗೆ ಒಂದು ಪ್ಯಾಕ್ ಮಾಯವಾಗುತ್ತಿತ್ತು, ಎರಡೂವರೆಗೆ ಅರೆಬಿಸಿಯಾಗಿ ತೊಟ್ಟಿಯ ಪಕ್ಕದಲ್ಲಿರುತ್ತಿತ್ತು. ಯಾರೋ ಎಂದುಕೊಂಡಿದ್ದೆ. ಇವತ್ತು ಸ್ಟೋರಿನ ಬಾಗಿಲ ಸಂದಿಯಿಂದ ನೋಡಿದೆ. ಪರ್ವತ! ಪ್ಯಾಂಟ್ ಮಡಚಿ, ಎಡ ಮೊಣಕಾಲಿಗೆ ಪ್ಯಾಕ್ ಒತ್ತಿಕೊಂಡು, ಕಣ್ಣು ಮುಚ್ಚಿ ಕೂತಿದ್ದ.

ಆಮೇಲೆ ಕಣ್ಣಲ್ಲಿ ಕಣ್ಣಿಟ್ಟು ಅವನ ನಡಿಗೆ ನೋಡಿದೆ. ಮೆಟ್ಟಿಲು ಹತ್ತುವಾಗ ಪ್ರತಿ ಸಲ ಬಲಗಾಲೇ ಮೊದಲು. ಮೊಬೈಲ್ ನೋಡುವ ನೆಪದಲ್ಲಿ ನಡುವೆ ನಿಲ್ಲುತ್ತಾನೆ. ಕೂತಾಗ ಎಡಗಾಲು ಉದ್ದಕ್ಕೆ. ಹನ್ನೊಂದು ವರ್ಷ ಜೊತೆಗಿದ್ದೂ ಗಮನಿಸಿರಲಿಲ್ಲ. ಅವನು ಮಾತಾಡುವಾಗ ಎಲ್ಲರೂ ಬಾಯಿ ನೋಡುತ್ತೇವೆ, ಕಾಲನ್ನಲ್ಲ.

ಬೆಟ್ಟ ಹತ್ತುವ ಮಹಾಶಯನಿಗೆ ಮಹಡಿ ಹತ್ತಲು ಆಗುವುದಿಲ್ಲ.

ಟ್ರಿಪ್ ಪ್ಲಾನ್ ಮಾಡಲು ಈಗ ಹುರುಪು ಬಂದಿದೆ.

ಅಕ್ಟೋಬರ್ 13, ಭಾನುವಾರ

ನಮ್ಮ ಯಜಮಾನರನ್ನು ಕರೆದುಕೊಂಡು ಪಾರ್ಕಿಗೆ ಹೋಗಿ ನೋಡಿ ಬಂದೆ. ಬಸ್ಸಿನಲ್ಲಿ ಎರಡೂವರೆ ಗಂಟೆ. ಗೇಟಿನಿಂದ ಎರಡು ದಾರಿ. ಎಡಕ್ಕೆ ಮರಗಳ ಕೆಳಗೆ ಸಮತಟ್ಟು ಕಾಲುದಾರಿ — ಕಮರಿಯ ಅಂಚಿನವರೆಗೆ, ಬೇಲಿ ಹಾಕಿದ್ದಾರೆ, ಮೇಲಿನಿಂದ ಜಲಪಾತ ನೋಡಬಹುದು. ಬಲಕ್ಕೆ ಬಂಡೆಯಲ್ಲಿ ಕಡಿದ ಮೆಟ್ಟಿಲು, ಕಮರಿಯ ತಳಕ್ಕೆ. ನಾನೂರ ಹನ್ನೆರಡು. ಇಳಿದರೆ ಅದೇ ದಾರಿಯಲ್ಲಿ ಹತ್ತಬೇಕು. ಬೇರೆ ದಾರಿಯಿಲ್ಲ, ಕಾವಲುಗಾರನನ್ನು ಎರಡೆರಡು ಸಲ ಕೇಳಿದೆ.

ಒಂದು ಮೆಟ್ಟಿಲು ಗೇಣುದ್ದ, ಮುಂದಿನದು ಮೊಣಕಾಲುದ್ದ. ಕೆಟ್ಟ ಮೊಣಕಾಲಿಗೆ ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗುವುದಿಲ್ಲ. ಕೆಳಗೆ ನಿಂತು ತಲೆಯೆತ್ತಿದೆ. ನೀರು ಬೀಳುವುದು ಕಾಣುತ್ತದೆ, ನಮ್ಮ ಮಾತು ನಮಗೇ ಕೇಳಿಸುವುದಿಲ್ಲ. ಜರೀಗಿಡ, ಹಾವಸೆ, ಬಂಡೆಯ ಮೇಲೆ ತೇವದ ಹೊಳಪು. ಚೆಂದ ಜಾಗ. ಚೆಂದವೂ ಆಯಿತು, ಕೆಲಸಕ್ಕೂ ಬಂತು.

ಮೆಟ್ಟಿಲ ಬದಿಯ ಕಂಬಿಯನ್ನು ಮಾತ್ರ ಮೇಲಿನಿಂದ ಕೆಳಗಿನವರೆಗೆ ಅಲ್ಲಾಡಿಸಿ ನೋಡಿದೆ. ಗಟ್ಟಿಯಿದೆ. ಅವನು ಬೀಳಬಾರದು. ಬಿದ್ದು ಹೋದರೆ ಒಪ್ಪಿಕೊಳ್ಳುವವರು ಯಾರು?

ಪ್ರತಿ ತಿರುವಿನಲ್ಲೂ ನಿಂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಇವರು ಏದುಸಿರು ಬಿಡುತ್ತಾ ಕೇಳಿದರು, "ಏನೇ, ಪಿಕ್ನಿಕ್ಕಿಗೆ ಹೊರಟಿದ್ಯೋ, ಯುದ್ಧಕ್ಕೋ?"

"ಎರಡೂ ಒಂದೇ ಬಸ್ಸಲ್ಲಿ" ಅಂದೆ.

"ಅವನು ಒಪ್ಪಿಕೊಂಡ್ರೆ ನಿಂಗೆ ಸಮಾಧಾನ ಆಗತ್ತಾ?"

"ಆಗತ್ತೆ."

"ಆಗ್ದೇ ಇದ್ರೆ?"

ಮುಂದಿನ ಮೆಟ್ಟಿಲು ಹತ್ತಿದೆ. ಮಾತಾಡಿದರೆ ಎಣಿಕೆ ತಪ್ಪುತ್ತಿತ್ತು.

ಅಕ್ಟೋಬರ್ 14, ಸೋಮವಾರ

ಊಟದ ಹೊತ್ತಿಗೆ ಎಲ್ಲರ ಮುಂದೆ ಪ್ಲಾನ್ ಓದಿದೆ. ಹದಿನಾಲ್ಕು ಜನ. ಕಾಲು, ಸೊಂಟ ನೋವಿರುವವರಿಗೆ ಸಮತಟ್ಟು ದಾರಿ, ಗಟ್ಟಿಯಿರುವವರಿಗೆ ಮೆಟ್ಟಿಲು. ಪರ್ವತನ ತುತ್ತು ಬಾಯಿಯ ಹತ್ತಿರವೇ ನಿಂತಿತು.

"ಎಷ್ಟು ಮೆಟ್ಟಿಲಮ್ಮಾ?"

"ನಿಮಗೆ ಅದ್ಯಾವ ಲೆಕ್ಕ ಸರ್! ನಾನೂರು ಚಿಲ್ಲರೆ."

"ಅಷ್ಟೇನಾ" ಅಂದ. ಮುಖ ಮಾತ್ರ ಹುಳಿ ತಿಂದಂತಾಯಿತು. ಎರಡೂವರೆಗೆ ಎರಡು ಪ್ಯಾಕ್ ಮಾಯ.

ಅಕ್ಟೋಬರ್ 22, ಮಂಗಳವಾರ

ಅಂದುಕೊಂಡ ಹಾಗೇ ಆಯಿತು. ನುಣುಚಿಕೊಳ್ಳಲು ನೋಡಿದ. ಡಾಕ್ಟರಮ್ಮನ ಹತ್ತಿರ ಹೋಗಿ, "ನಾನು ವಯಸ್ಸಾದವರ ಜೊತೆ ಇರ್ತೀನಿ ಮೇಡಂ, ಅವರನ್ನ ನೋಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ" ಎಂದನಂತೆ. ಕೌಂಟರ್‌ನಲ್ಲಿ ಕೂರುವ ಹುಡುಗಿ ಬಂದು ಹೇಳಿದಳು. ಅವಳ ಕಿವಿಗೆ ಬೀಳದ ಮಾತು ಈ ಕಟ್ಟಡದಲ್ಲಿಲ್ಲ.

ಹತ್ತು ನಿಮಿಷದಲ್ಲಿ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದೆ. "ಮೆಟ್ಟಿಲು ತಂಡದ ನಾಯಕರು: ನಮ್ಮ ಹೆಮ್ಮೆಯ ಪರ್ವತಾರೋಹಿ." ದಪ್ಪ ಅಕ್ಷರ. ಡಾಕ್ಟರಮ್ಮ ನೋಡಿ ಚಪ್ಪಾಳೆ ತಟ್ಟಿದರು. ರೋಗಿಗಳೂ ಬಂದು ಕೈ ಕುಲುಕಿದರು. ಇಂಗು ತಿಂದ ಮಂಗನಂತೆ ನಿಂತಿದ್ದ. ಆಹಾ.

ತಪ್ಪು ಅನ್ನಿಸುತ್ತದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಇಲ್ಲ. ಒಂದು ಮಾತು ಸಾಕು ಅವನಿಗೆ — "ನನ್ನ ಕಾಲು ನೋಯುತ್ತಿದೆ." ನಿಜ ಹೇಳಿದರೆ ಬಚಾವ್. ಆದರೆ ನಿಜ ಹೇಳುವ ಅಭ್ಯಾಸವಿದ್ದಿದ್ದರೆ ನಾನ್ಯಾಕೆ ಟವೆಲ್ ಮಡಚುತ್ತಿದ್ದೆ?

ಅಕ್ಟೋಬರ್ 26, ಶನಿವಾರ

ಬಸ್ ಬೆಳಿಗ್ಗೆ ಆರಕ್ಕೆ. ನೀರು, ಊಟದ ಡಬ್ಬಿ, ಫಸ್ಟ್ ಏಡ್, ಕ್ರೇಪ್ ಬ್ಯಾಂಡೇಜ್. ಬ್ಯಾಂಡೇಜನ್ನು ಎರಡು ಸಲ ಹೊರಗಿಟ್ಟೆ, ಮೂರನೇ ಸಲ ಒಳಗೆ ಹಾಕಿದೆ. ಯಾಕೆ ಹಾಕಿದೆನೋ.

ಅಕ್ಟೋಬರ್ 27, ಭಾನುವಾರ. ಸಂಜೆ 7.15

ಆದದ್ದು ಆದಂತೆಯೇ ಬರೆಯುತ್ತೇನೆ.

ಇಳಿಯುವಾಗ ಕಂಬಿಗೆ ಜೋತುಬಿದ್ದೇ ಇಳಿದ. ಕಥೆ ಹೇಳುತ್ತಲೇ ಇದ್ದ — ನೂರರವರೆಗೆ. ಇನ್ನೂರಕ್ಕೆ ಕಥೆ ನಿಂತಿತು. ಮುನ್ನೂರಕ್ಕೆ ಕಾಲರ್ ಬೆವರಿನಲ್ಲಿ ತೊಯ್ದಿತ್ತು. ತಳದಲ್ಲಿ ಒಂದು ಬಂಡೆ ಹಿಡಿದು ಕೂತವನು ಏಳಲಿಲ್ಲ. ಉಳಿದವರು ಫೋಟೋ ತೆಗೆದುಕೊಂಡು, ಹಸಿವು ಎಂದು ಮೇಲೆ ಓಡಿದರು. ತಲೆ ಎಣಿಸುವ ಕೆಲಸ ನನ್ನದು, ಕೊನೆಯಲ್ಲಿ ಉಳಿದೆ. ಅವನು, ನಾನು, ನೀರು.

ಮೊಣಕಾಲು ಕುಂಬಳಕಾಯಿಯಾಗಿತ್ತು. ಮುಟ್ಟಿ ನೋಡಿದೆ. ಒಂದೂವರೆ ತಿಂಗಳ ಮೇಲೆ ಮೊದಲ ಬಾರಿ ಒಂದು ಕಾಲು ಮುಟ್ಟಿದ್ದು. ಅದೂ ಇವನದ್ದೇ ಆಗಬೇಕಿತ್ತೇ!

"ಹತ್ತೋಕಾಗಲ್ಲಮ್ಮಾ" ಅಂದ.

"ಬೆಲ್ಟ್ ಬಿಚ್ಚಿದ್ದು ಯಾರು ಸರ್?"

ನೀರಿನ ಕಡೆ ಮುಖ ತಿರುಗಿಸಿದ. "ನಾನೇ. ಚೆನ್ನಾಗಿ ನಿಂತಿದ್ರು, ಬೆಲ್ಟ್ ಇಲ್ದೇ ನಿಲ್ಲಿಸಿ ನಿನಗೆ ತೋರಿಸೋಣ ಅಂತ… ಆಮೇಲೆ ಭಯ ಆಯ್ತು."

ತೋರಿಸಲಂತೆ. ಅಜ್ಜಿಯ ಮಣಿಕಟ್ಟು, ನನ್ನ ಕೆಲಸ, ಎರಡೂ ಇವನ ಒಂದು ಪ್ರದರ್ಶನಕ್ಕೆ. ಹೇಳಿದ್ದಾದರೂ ಯಾರಿಗೆ? ಜಲಪಾತದ ಸದ್ದಿನಲ್ಲಿ ನನಗೇ ಅರ್ಧ ಕೇಳಿಸಿತು. ಇಷ್ಟು ದಿನ ಕಾದದ್ದು ಈ ಪಿಸುಮಾತಿಗೇ? ಬಿಟ್ಟು ಹೋಗಬಹುದಿತ್ತು. ಕಾವಲುಗಾರರು ಬಂದು ಹೊತ್ತೊಯ್ಯುತ್ತಿದ್ದರು, ಮೇಲೆ ಹೋಗಿ ಎಂದಿನಂತೆ ಇನ್ನೊಂದು ಕಥೆ ಕಟ್ಟುತ್ತಿದ್ದ.

ಬ್ಯಾಂಡೇಜ್ ಸುತ್ತಿದೆ. ನನ್ನ ಶಾಲನ್ನು ಅವನ ಸೊಂಟಕ್ಕೆ ಕಟ್ಟಿ ಹಿಂದಿನಿಂದ ಹಿಡಿದೆ. ನಮ್ಮಲ್ಲಿ ಕಷ್ಟದ ಹೆಜ್ಜೆಗೆ ರೋಗಿಯನ್ನು ಗಟ್ಟಿಯಾಗಿ ಎಣಿಸಲು ಹೇಳುತ್ತೇವೆ. ಎಣಿಸುತ್ತಿದ್ದರೆ ಉಸಿರು ಕಟ್ಟುವುದಿಲ್ಲ.

"ಬಲಗಾಲು ಮೊದಲು. ಎಣಿಸೋದು ಬೇಡ ಸರ್. ಪ್ರತಿ ಮೆಟ್ಟಿಲಿಗೂ ಈಗ ಹೇಳಿದ್ರಲ್ಲ, ಅದನ್ನೇ ಹೇಳಿ."

ತಿರುಗಿ ನೋಡಿದ. ನಾನು ಶಾಲು ಬಿಗಿ ಮಾಡಿದೆ.

"ಬೆಲ್ಟ್ ಬಿಚ್ಚಿದ್ದು ನಾನು." ಒಂದು ಮೆಟ್ಟಿಲು. "ಬೆಲ್ಟ್ ಬಿಚ್ಚಿದ್ದು ನಾನು." ಎರಡು. ನಿಂತರೆ "ಜೋರಾಗಿ" ಎನ್ನುತ್ತಿದ್ದೆ. ಮೊದಲ ನೂರರಲ್ಲಿ ಅವನ ಧ್ವನಿಯಲ್ಲಿ ಸಿಟ್ಟಿತ್ತು. ಎರಡನೇ ನೂರರಲ್ಲಿ ಅಳು. ಆಮೇಲೆ ಏನೂ ಇರಲಿಲ್ಲ, ಬರೀ ಉಸಿರಿನ ಜೊತೆ ಮಾತು. ಒಂದೇ ಒಂದು ಸಲವೂ ಜಾರಲು ಬಿಡಲಿಲ್ಲ ನಾನು. ಭುಜ ಕಿತ್ತು ಬರುವಂತಿತ್ತು.

ಕೊನೆಯ ತಿರುವು ದಾಟಿದಾಗ ಉಳಿದ ಹನ್ನೆರಡೂ ಜನ ಮರದ ಕೆಳಗೆ ಊಟಕ್ಕೆ ಕೂತಿದ್ದರು. ನಿಲ್ಲಿಸುತ್ತಾನೆ ಎಂದುಕೊಂಡೆ. ನಿಲ್ಲಿಸಲಿಲ್ಲ. ಬಾಯಿಗೆ ಅಷ್ಟು ಅಭ್ಯಾಸವಾಗಿಬಿಟ್ಟಿತ್ತು. "ಬೆಲ್ಟ್ ಬಿಚ್ಚಿದ್ದು ನಾನು… ಬೆಲ್ಟ್ ಬಿಚ್ಚಿದ್ದು ನಾನು…"

ಡಾಕ್ಟರಮ್ಮ ಎದ್ದು ನಿಂತರು. "ಏನ್ ಸರ್ ಹೇಳ್ತಿದೀರಿ?"

ಆಗ ಎಚ್ಚರವಾಯಿತು ಅವನಿಗೆ. ನನ್ನ ಕಡೆ ನೋಡಿದ. ಸುಳ್ಳು ಹೇಳಲು ಸಮಯವಿತ್ತು, ನಾನೂ ಕಾದೆ. "ಅಜ್ಜಿಯ ಬೆಲ್ಟ್ ಬಿಚ್ಚಿದ್ದು ನಾನು ಮೇಡಂ. ಇವಳಲ್ಲ" ಅಂದ.

ಯಾರೂ ತುತ್ತು ಎತ್ತಲಿಲ್ಲ. ನಾನು ಎತ್ತಿದೆ. ಡಬ್ಬಿ ಬಿಚ್ಚಿ ಹೊಟ್ಟೆ ತುಂಬಾ ಉಂಡೆ.

ಅಕ್ಟೋಬರ್ 28, ಸೋಮವಾರ

ರಿಜಿಸ್ಟರಿನಲ್ಲಿ ತಿದ್ದುಪಡಿಯಾಯಿತು. ಡಾಕ್ಟರಮ್ಮ ಕ್ಷಮೆ ಕೇಳಿದರು, ರೋಗಿಗಳನ್ನು ವಾಪಸ್ ಕೊಟ್ಟರು. ಟೇಲರ್ ಅಜ್ಜಿಗೆ ಫೋನ್ ಮಾಡಿದೆ. ಗುರುವಾರದಿಂದ ಬರುತ್ತಾರೆ. ಪರ್ವತ ರಜೆ. ಮೊಣಕಾಲಿಗೆ ಆಪರೇಷನ್ ಅಂತೆ.

ಖುಷಿಯಾಯಿತು. ಸುಳ್ಳು ಯಾಕೆ, ತುಂಬಾ ಖುಷಿಯಾಯಿತು. ಕೌಂಟರ್ ಹುಡುಗಿ ಮಾತ್ರ ಇವತ್ತು ನನ್ನ ಹತ್ತಿರ ಸುದ್ದಿ ತರಲಿಲ್ಲ. ಸ್ವಲ್ಪ ದೂರ ನಿಂತೇ ಮಾತಾಡಿದಳು.

ನವೆಂಬರ್ 18, ಸೋಮವಾರ. ಬೆಳಿಗ್ಗೆ 9.50

ಹತ್ತು ಗಂಟೆಯ ರೋಗಿ ಯಾರು ಎಂದು ಪಟ್ಟಿ ನೋಡಿದರೆ — ಪರ್ವತ. ಎಡ ಮೊಣಕಾಲು, ಆಪರೇಷನ್ ಆಗಿ ಹದಿನೈದು ದಿನ. ಕೌಂಟರಿಗೆ ಓಡಿದೆ. "ಬೇರೆಯವರಿಗೆ ಹಾಕೇ" ಅಂದೆ.

"ನೀವೇ ಬೇಕಂತೆ ಮೇಡಂ. ಬೇರೆ ಯಾರ ಕೈಯೂ ಬೇಡ್ವಂತೆ. ನಾನೂರ ಹನ್ನೆರಡು ಮೆಟ್ಟಿಲು, ಒಂದು ಸಲಾನೂ ಜಾರೋಕೆ ಬಿಡ್ಲಿಲ್ಲ ಅಂದ್ರು."

ನೆಮ್ಮದಿಯಾಗಿ ದ್ವೇಷಿಸಲೂ ಬಿಡುವುದಿಲ್ಲ ಮನುಷ್ಯ! ಹನ್ನೊಂದು ವರ್ಷದಲ್ಲಿ ಒಂದು ಒಳ್ಳೆಯ ಮಾತು ಆಡಲಿಲ್ಲ, ಈಗ ಆಡಿದ್ದಾನೆ. ಅದೂ ನನ್ನ ಎದುರಿಗಲ್ಲ. ಒಪ್ಪಿಕೊಂಡ ದಿನ ಮುಗಿಯಬೇಕಿತ್ತು ಇದು. ಮುಗಿದಿಲ್ಲ. ಹೆಸರು ಕೇಳಿದರೆ ಈಗಲೂ ಮೈ ಉರಿಯುತ್ತದೆ.

ಬಂದ. ಬಾಗಿಲಲ್ಲಿದ್ದಾನೆ. ನನ್ನನ್ನು ನೋಡಿಲ್ಲ. ಕೋಲನ್ನು ಎಡಗೈಯಲ್ಲಿ ಹಿಡಿದಿದ್ದಾನೆ — ನೋವಿನ ಕಾಲಿನ ಕಡೆಗೇ! ಬಲಗೈಯಲ್ಲಿರಬೇಕು ಎಂದು ಇಪ್ಪತ್ತೆಂಟು ವರ್ಷ ಊರಿಗೆಲ್ಲ ಪಾಠ ಹೇಳಿದವನು. ಹೇಳುವುದಿಲ್ಲ. ಬಾಗಿಲಿನಿಂದ ಬೆಡ್‌ವರೆಗೆ ಹನ್ನೊಂದು ಹೆಜ್ಜೆ, ಅಷ್ಟನ್ನೂ ಹಾಗೇ ನಡೆಯಲಿ. ನಾನು ಕೂತು ಬರೆಯುತ್ತೇನೆ. ಮೂರು. ನಾಲ್ಕು. ಐದು… ಅಲ್ಲಿ ಮ್ಯಾಟಿನ ತುದಿ ಮಡಚಿಕೊಂಡಿದೆ, ಎಡವುತ್ತಾನೆ, ಹಿಡಿಯಬೇಕು—