ಕಾಸ್ಟಿಕ್ಕಿನಲ್ಲಿ ಬೆಂದ ಸೀರೆ

ವಡಗಾವಿ, ಬೆಳಗಾವಿ
೧೪ ಆಗಸ್ಟ್ ೨೦೨೪

ಅಣ್ಣ ದುಂಡಪ್ಪನಿಗೆ,

ನೀನೂ ಅತ್ತಿಗೆಯೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಕಾಸ್ಟಿಕ್ ಸೋಡಾದಿಂದ ಸುಲಿದ ನಿನ್ನ ಬೆರಳು ಮಾಯ್ದಿರಬಹುದು. ಅವ್ವನ ಎಡಗೈ ಮಾಯ್ದಿಲ್ಲ. ಒಂಬತ್ತು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ನೀನಿರುವ ಖಾನಾಪುರ ಒಂದು ತಾಸಿನ ದಾರಿ, ಆದರೂ ಕಾಗದವೇ ಬರೆಯಬೇಕಾಗಿದೆ.

ನಿನ್ನ ಕೆಲಸವನ್ನು ನಾನು ಮೆಚ್ಚಿದ್ದು ಸುಳ್ಳಲ್ಲ. ಕಾದ ಕಾಸ್ಟಿಕ್ ನೀರಿನಲ್ಲಿ ಪಾಲಿಯೆಸ್ಟರ್ ಬಟ್ಟೆ ಅದ್ದಿದರೆ ಎಳೆಯ ಮೈ ಸವೆಯುತ್ತದೆ, ತೂಕದಲ್ಲಿ ಐದರಲ್ಲಿ ಒಂದು ಪಾಲು ಹೋಗುತ್ತದೆ, ಉಳಿದದ್ದು ರೇಷ್ಮೆಯ ಹಾಗೆ ಜಾರುತ್ತದೆ, ಬೆವರನ್ನೂ ಹೀರುತ್ತದೆ. “ನೋಡಲೇ ಸತ್ಯಾ, ಪ್ಲಾಸ್ಟಿಕ್ಕಿಗೆ ಹೊಸಾ ಜನ್ಮ ಕೊಟ್ಟೀನಿ” ಎಂದು ನೀನು ಬೀಗಿದಾಗ ತೊಟ್ಟಿಯ ಪಕ್ಕ ನಿಂತು ನಕ್ಕವನು ನಾನೇ. ಆ ಬಟ್ಟೆಯ ಸೀರೆಯನ್ನೇ ರೇಷ್ಮೆ ಎಂದು ನೀನು ಅವ್ವನ ಕೈಗೆ ಕೊಟ್ಟಾಗಲೂ ನಾನು ಸುಮ್ಮನಿದ್ದೆ. ಒಂದು ಎಳೆ ಸುಟ್ಟು ಮೂಸದೆ ಯಾವ ರೇಷ್ಮೆಯನ್ನೂ ಒಳಗೆ ಬಿಡದ ನೇಕಾರರ ಮನೆ ನಮ್ಮದು. ನನ್ನ ಹೆಂಡತಿ ರೂಪಾಲಿ ಕಡ್ಡಿಪೆಟ್ಟಿಗೆ ತಂದರೆ ಅವ್ವ ಗದರಿದಳು: “ಹೊಟ್ಟ್ಯಾಗ ಹುಟ್ಟಿದ ಮಗಾ ಕೊಟ್ಟದ್ದು. ಅದನ್ನೂ ಸುಟ್ಟು ನೋಡ್ತಿಯೇನ, ಹುಚ್ಚಿ?”

ಶ್ರಾವಣದ ಮೊದಲ ಸೋಮವಾರ ಅದನ್ನೇ ಮಡಿಗೆ ಉಟ್ಟು ಹೋಳಿಗೆ ಬೇಯಿಸಲು ಒಲೆಯ ಮುಂದೆ ಕುಳಿತಳು. ಸೆರಗಿಗೆ ಬೆಂಕಿ ತಾಗಿತು. ರೇಷ್ಮೆಯಾಗಿದ್ದರೆ ಕರಕಾಗಿ ಆರುತ್ತಿತ್ತು. ಇದು ಕರಗಿ ಕೈಗೆ ಅಂಟಿತು. ಬೆಂಕಿಯ ಮುಂದಿನ ಗುಣವೊಂದನ್ನು ಬಿಟ್ಟು ಎಲ್ಲವನ್ನೂ ಬದಲಾಯಿಸಿದ್ದೆ ನೀನು. ಡಾಕ್ಟರು ಚಿಮಟದಿಂದ ಚೂರು ಎತ್ತುತ್ತ, ಯಾವ ಬಟ್ಟೆ ಎಂದು ಕೇಳಿದರು. ಅಷ್ಟು ಹೊತ್ತಿಗೆ ಅವ್ವನಿಗೆ ಎಲ್ಲ ಗೊತ್ತಾಗಿತ್ತು. “ರೇಷ್ಮಿರೀ” ಎಂದಳು. ಆಮೇಲೆ ನನಗೆ, “ಅಣ್ಣನ ಹೆಸರು ಎಲ್ಲೂ ತೆಗೀಬ್ಯಾಡ. ನನ್ನ ಆಣಿ ಐತಿ ನಿನಗ.”

ನಿನ್ನ ಇನ್ನೂ ನಲವತ್ತು ಸೀರೆ ಖಾನಾಪುರದಲ್ಲಿ ಲಕ್ಷ್ಮಣನ ಅಂಗಡಿಯಲ್ಲಿವೆ. ನಿನ್ನ ಮಾತು ನಂಬಿ ಅವನು ಮಡಿ ಸೀರೆಯೆಂದೇ ಮಾರುತ್ತಿದ್ದಾನೆ. ಕೊಳ್ಳುವವರೆಲ್ಲ ಹಬ್ಬದ ದಿನ ಒಲೆಯ ಮುಂದೆ ಕೂರುವವರು. ವಾಪಸ್ ತರಿಸು. ನಿನ್ನ ಕಾರಣಗಳು ನನಗೆ ಬೇಡ.

ಅತ್ತಿಗೆಗೆ ನಮಸ್ಕಾರ ಹೇಳು. ನಿನಗೆ ಏನು ಹೇಳಬೇಕೋ ತಿಳಿಯದು.

ನಿನ್ನ ತಮ್ಮ,
ಸತ್ಯಪ್ಪ

ತಾ.ಕ.: ಮೇಲಿನದು ಬೆಳಗ್ಗೆ ಬರೆದದ್ದು. ಕಾಯಲಾಗಲಿಲ್ಲ. ಮಧ್ಯಾಹ್ನ ಖಾನಾಪುರಕ್ಕೆ ಹೋಗಿ ಲಕ್ಷ್ಮಣನಿಗೆ ಎಲ್ಲ ಹೇಳಿಬಂದೆ, ನಿನ್ನ ಹೆಸರು ಮತ್ತು ನನ್ನ ಹೆಸರು ಎರಡನ್ನೂ ಸೇರಿಸಿ. ನಲವತ್ತರಲ್ಲಿ ಹನ್ನೊಂದು ಸೀರೆ ಆಗಲೇ ಮಾರಿಹೋಗಿವೆ. ಈ ಕಾಗದಕ್ಕಿಂತ ಮೊದಲೇ ಅವನು ನಿನ್ನ ಬಾಗಿಲಿಗೆ ಬಂದಿರುತ್ತಾನೆ. ನಿನ್ನ ಮನೆಯ ಮುಂದೆಯೇ ಹಾದುಬಂದೆ, ಬಾಗಿಲು ಬಡಿಯಲಿಲ್ಲ. ವಿಷಯ ತಿಳಿದು ಅವ್ವ ನನ್ನೊಡನೆ ಮಾತು ಬಿಟ್ಟಿದ್ದಾಳೆ. ರೂಪಾಲಿಯನ್ನು ಮಾತ್ರ ಕೇಳುತ್ತಾಳೆ: “ದುಂಡ್ಯಾ ಉಂಡಾನೋ ಇಲ್ಲೋ?”